ಹೊತ್ತು, ಜಾಗ, ಜೊತೆ

ಕಲಬುರಗಿ ಜಿಲ್ಲೆಯ ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗೆ ಸುದ್ದಿ ಮುಟ್ಟಿಸುವ ಹೊತ್ತಿಗೇ ಭಜನಿ ಮೇಳಕ್ಕೂ ಹೇಳಿ ಕಳಿಸುತ್ತಾರೆ. ದೂರದ ಊರಿನಿಂದ ಮಗನೋ ಮಗಳೋ ಬಂದು ಮುಟ್ಟಬೇಕು, ಮಣ್ಣು ಬೆಳಿಗ್ಗೆಯೇ ಆಗಬೇಕು ಅಂತಾದರೆ ಆ ರಾತ್ರಿಯನ್ನು ದಾಟಿಸುವುದು ಮೇಳದ ಕೆಲಸ. ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಹಾರ್ಮೋನಿಯಂ. ಮುಂದಾಳು ಪದದ ಪಲ್ಲವಿ ಎತ್ತುತ್ತಾನೆ, ಮೇಳ ಅದನ್ನೇ ತಿರುಗಿ ಹೇಳುತ್ತದೆ. ಮತ್ತೆ ಅದೇ ಸಾಲು, ಈ ಸಲ ತುಸು ಏರು ದನಿಯಲ್ಲಿ. ಮೂರು ನಾಲ್ಕು ಸಲ ತಿರುಗುವಷ್ಟರಲ್ಲಿ ಗೋಡೆಗೆ ಒರಗಿ ಕೂತ ಮುದುಕರ ತುಟಿಯೂ ಅಲುಗುತ್ತಿರುತ್ತದೆ. ಒಂದು ನುಡಿ ಮುಗಿದ ಮೇಲೆ ಮುಂದಾಳು ತಾಳ ನಿಲ್ಲಿಸಿ, "ಒಂಬತ್ತು ಬಾಗಲದ ಮನಿ ಅಂತ ಯಾಕ ಅಂದ್ರು?" ಎಂದು ತಾನೇ ಕೇಳಿ, ತಾನೇ ಬಿಡಿಸಿ ಹೇಳುತ್ತಾನೆ. ಕೂತವರಲ್ಲಿ ಒಬ್ಬರು ಅದಕ್ಕೆ ಇನ್ನೊಂದು ಅರ್ಥ ಹಚ್ಚುತ್ತಾರೆ. ಅಲ್ಲಿಂದ ಮುಂದಿನ ಪದ ಯಾವುದೆಂಬುದು ತೀರ್ಮಾನವಾಗುತ್ತದೆ. ಬೆಳಕು ಹರಿಯುವ ತನಕ ಹೀಗೆಯೇ. ಅಲ್ಲಿ ಕೂತವರಲ್ಲಿ ಸಂಗೀತ ಕಲಿತವರು ಯಾರೂ ಇರುವುದಿಲ್ಲ. ಆದರೂ ಅಷ್ಟು ಹೊತ್ತು ಕಿವಿಗೊಟ್ಟು ಕೂರುವುದು ಅವರಿಗೆ ಭಾರವೆನ್ನಿಸುವುದಿಲ್ಲ.

ಅದೇ ಊರಿನ, ಅದೇ ಮನೆಯ ಹುಡುಗರು ಈಗ ನನಗೆ ಹೇಳುವ ಮಾತು ಒಂದೇ: "ಒಂದು ಹಾಡೂ ಪೂರಾ ಕೇಳ್ಳಿಕ್ಕೆ ಆಗವಲ್ದು ನೋಡ್ರಿ." ಸೇಡಂ ತಾಲೂಕಿನ ಕುರಕುಂಟಾದಿಂದ ತಾಂಡೂರಿಗೆ, ಸೇಡಂಗೆ, ವಾಡಿಗೆ ದಿನವೂ ಓಡಾಡುವವರು ಇವರು. ರೈಲಿನಲ್ಲಿ ಕಿವಿಗೆ ಇಯರ್‌ಫೋನ್ ಇರುತ್ತದೆ, ಹಾಡು ಓಡುತ್ತಿರುತ್ತದೆ, ಬೆರಳು ಪರದೆಯ ಮೇಲೆ ಬೇರೆ ಏನನ್ನೋ ಸರಿಸುತ್ತಿರುತ್ತದೆ. ಇಳಿಯುವಾಗ ಏನು ಕೇಳಿದಿರಿ ಎಂದು ವಿಚಾರಿಸಿದರೆ ಹೆಸರು ನೆನಪಿಗೆ ಬರುವುದಿಲ್ಲ. ಹಾಡು ಬೇಡವಾಗಿ ಹೀಗಾಗಿದ್ದಲ್ಲ. ಇಷ್ಟಪಟ್ಟು ಕೇಳುವವರೇ, ಬೇಸರದಿಂದಲೇ ಇದನ್ನು ಹೇಳಿಕೊಳ್ಳುತ್ತಾರೆ.

ಇಂಥವರಿಗೆ ಸಾಮಾನ್ಯವಾಗಿ ಸಿಗುವ ಬುದ್ಧಿಮಾತು, ಮನಸ್ಸು ಗಟ್ಟಿ ಮಾಡು ಎಂಬುದು. ನನಗೆ ಅದು ಒಪ್ಪಿಗೆಯಿಲ್ಲ. ಭಜನಿಗೆ ಕೂತ ಆ ಮುದುಕರ ಮನಸ್ಸು ಇವರಿಗಿಂತ ಗಟ್ಟಿ ಇತ್ತು ಅಂತ ನನಗೇನೂ ಅನ್ನಿಸುವುದಿಲ್ಲ. ಅವರ ಸುತ್ತ ಒಂದು ಏರ್ಪಾಡು ಇತ್ತು. ಎದ್ದು ಹೋಗುವುದಕ್ಕಿಂತ ಕೂತಿರುವುದೇ ಸಲೀಸಾಗುವ ಹಾಗೆ ಆ ರಾತ್ರಿ ಕಟ್ಟಿಕೊಂಡಿತ್ತು. ಫೋನಿನ ಏರ್ಪಾಡು ಇದಕ್ಕೆ ತದ್ವಿರುದ್ಧ. ಅಲ್ಲಿ ಕೂತಿರುವುದಕ್ಕಿಂತ ಎದ್ದು ಹೋಗುವುದು ಸಲೀಸು.

ಅದು ಹೇಗೆಂದು ಸ್ವಲ್ಪ ಬಿಡಿಸಿ ನೋಡೋಣ. ಸ್ಪಾಟಿಫೈನಂಥ ಕಂಪನಿಗಳ ಲೆಕ್ಕದಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದಂತೆ. ಹಾಡಿದವರಿಗೆ ಹಣ ಹೋಗುವುದು ಆ ಲೆಕ್ಕದ ಮೇಲೆ. ಮೂವತ್ತನೆಯ ಸೆಕೆಂಡಿನ ಆಚೆ ಹಾಡು ಹೇಗಿದೆ, ಕೊನೆಯ ನುಡಿಯಲ್ಲಿ ಏನಿದೆ ಎನ್ನುವುದಕ್ಕೆ ಆ ಲೆಕ್ಕದಲ್ಲಿ ಬೆಲೆಯಿಲ್ಲ. 2014ರಲ್ಲಿ ಪಾಲ್ ಲಾಮಿಯರ್ ಎಂಬ ತಂತ್ರಜ್ಞರು ಸ್ಪಾಟಿಫೈನ ಕೋಟ್ಯಂತರ ಕೇಳುವಿಕೆಗಳ ದಾಖಲೆ ತೆಗೆದು ನೋಡಿದರು. ನಾಲ್ಕರಲ್ಲಿ ಒಂದು ಹಾಡನ್ನು ಜನ ಮೊದಲ ಐದು ಸೆಕೆಂಡಿನಲ್ಲೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಹಾಡುಗಳು ಕೊನೆ ಮುಟ್ಟುತ್ತಲೇ ಇರಲಿಲ್ಲ. ಹಾಡು ಕಟ್ಟುವವರು ಇದಕ್ಕೆ ಹೊಂದಿಕೊಳ್ಳದೆ ಇರುತ್ತಾರೆಯೇ? ಅಮೆರಿಕದ ಜನಪ್ರಿಯ ಹಾಡುಗಳನ್ನು ಅಳೆದು ನೋಡಿದ ಲೆವೆಯೆ ಗೋವಾಂ ಎಂಬ ಸಂಶೋಧಕರಿಗೆ ಕಂಡಿದ್ದು, 1986ರ ಸುಮಾರಿಗೆ ದನಿ ಶುರುವಾಗುವ ಮೊದಲು 20 ಸೆಕೆಂಡಿಗೂ ಹೆಚ್ಚು ಹೊತ್ತು ವಾದ್ಯ ನುಡಿಯುತ್ತಿತ್ತು, 2015ರ ಹೊತ್ತಿಗೆ ಅದು ಐದು ಸೆಕೆಂಡಿಗೆ ಇಳಿದಿತ್ತು ಎಂಬುದು. ತಂಬೂರಿ ಶ್ರುತಿ ಮಾಡಿ, ಆಕಾರದಲ್ಲಿ ಷಡ್ಜ ಹಚ್ಚಿ, ನಿಧಾನಕ್ಕೆ ರಾಗದ ಬಾಗಿಲು ತೆಗೆಯುವ ನಮ್ಮ ಹಾಡಿಕೆ ಈ ಐದು ಸೆಕೆಂಡಿನಲ್ಲಿ ಎಲ್ಲಿ ನಿಲ್ಲಬೇಕು?

ಆದರೆ ಇದಕ್ಕಿಂತ ಹತ್ತಿರದ, ನಮ್ಮದೇ ಆದ ಒಂದು ನಷ್ಟವಿದೆ. ನನ್ನನ್ನು ನಿಜವಾಗಿ ಕಾಡುವುದು ಅದು.

ಈ ಸೀಮೆ ತತ್ವಪದಗಳ ಸೀಮೆ. ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯ ಬಳಗದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ರಾಮಪುರದ ಬಕ್ಕಪ್ಪ, ತೆಲಗಬಾಳ ರೇವಪ್ಪ, ಕಡ್ಲೇವಾಡದ ಸಿದ್ಧಪ್ಪ. ಒಬ್ಬರ ಜಾತಿ ಇನ್ನೊಬ್ಬರದಲ್ಲ, ಒಬ್ಬರ ಧರ್ಮ ಇನ್ನೊಬ್ಬರದಲ್ಲ, ಪದದ ದಾರಿ ಮಾತ್ರ ಒಂದೇ. ಕಲಬುರಗಿಯ ಮೀನಾಕ್ಷಿ ಬಾಳಿಯವರಂಥ ವಿದ್ವಾಂಸರು ಇವರ ಪದಗಳ ಹಿಂದೆ ಬಿದ್ದು ಕೆಲಸ ಮಾಡಿದ್ದರಿಂದ ಅಷ್ಟಿಷ್ಟು ಪುಸ್ತಕಕ್ಕೆ ಬಂದಿದೆ. ಉಳಿದದ್ದೆಲ್ಲ ಭಜನಿಯವರ ಗಂಟಲಲ್ಲಿ. ಈಗ ಈ ಪದಗಳು ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುತ್ತವೆ. ಹಳ್ಳಿಯ ಮೇಳಗಳೇ ಫೋನಿನಲ್ಲಿ ಚಿತ್ರೀಕರಿಸಿ ಹಾಕುತ್ತವೆ, ಅದು ಒಳ್ಳೆಯದೇ. ಆದರೆ ಬಹಳಷ್ಟಕ್ಕೆ 'ಭಜನೆ ಪದ', 'ಜಾನಪದ ಹಾಡು' ಎಂಬ ತಲೆಬರಹ ಬಿಟ್ಟರೆ ಇನ್ನೇನೂ ಇರುವುದಿಲ್ಲ. ಪದ ಯಾರದು?

ಉತ್ತರ ಪದದ ಒಳಗೇ ಇದೆ. ತತ್ವಪದದ ಅಂಕಿತ ಬರುವುದು ಕೊನೆಯ ನುಡಿಯಲ್ಲಿ. ಗುರುವಿನ ಹೆಸರೋ, ಊರಿನ ದೇವರ ಹೆಸರೋ, ಪದಕಾರ ತನ್ನನ್ನು ಗುರುತಿಸಿಕೊಳ್ಳುವುದು ಅಲ್ಲಿಯೇ. ಭಜನಿಯಲ್ಲಿ ಹಾಡುವವರು ಅಂಕಿತದ ಸಾಲಿಗೆ ಬಂದಾಗ ಲಯ ತುಸು ತಗ್ಗಿಸುತ್ತಾರೆ, ಕೆಲವರು ಹಣೆಗೆ ಕೈ ಮುಟ್ಟಿಸುತ್ತಾರೆ. ಕೂತವರಿಗೆ, ಹೋ, ಇದು ಅವರ ಪದ ಅಂತ ತಿಳಿಯುವುದು ಆಗ. ಅರ್ಧಕ್ಕೇ ಹಾಡು ಬಿಟ್ಟು ಹೋಗುವವನಿಗೆ ಅಂಕಿತ ಎಂದೂ ಕೇಳಿಸುವುದಿಲ್ಲ. ಅರ್ಧದಷ್ಟು ಹಾಡುಗಳು ಕೊನೆ ಮುಟ್ಟುವುದಿಲ್ಲ ಎಂಬ ಆ ಅಂಕಿಯನ್ನು ನಮ್ಮ ಕಡೆ ತಂದು ನೋಡಿದರೆ ಹೀಗಾಗುತ್ತದೆ: ಪದ ಕೇಳಿದವರು ಸಾವಿರ ಜನ ಇರಬಹುದು, ಬರೆದವರ ಹೆಸರು ಕಿವಿಗೆ ಬಿದ್ದವರು ಅದರಲ್ಲಿ ಅರ್ಧ. ಓದು ಬರಹ ಬಾರದ ಕಾಲದಲ್ಲಿ ತಲೆಮಾರುಗಳನ್ನು ದಾಟಿ ಬಂದ ಹೆಸರುಗಳು, ಎಲ್ಲವನ್ನೂ ದಾಖಲಿಸುವ ಯಂತ್ರ ಬಂದ ಮೇಲೆ ಅಳಿಸಿಹೋಗುತ್ತಿವೆ.

ಮೊದಲ ಗ್ರಾಮಫೋನ್ ತಟ್ಟೆಗಳಲ್ಲೂ ಹೆಸರು ಕೊನೆಗೇ ಬರುತ್ತಿತ್ತು ಎಂಬುದು ಇಲ್ಲಿ ನೆನಪಾಗುತ್ತದೆ. 1902ರಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಗಳನ್ನು ಅಚ್ಚು ಹಾಕಲು ಜರ್ಮನಿಯ ಹ್ಯಾನೋವರಿಗೆ ಕಳಿಸಬೇಕಿತ್ತು. ಅಲ್ಲಿನವರಿಗೆ ಇದು ಯಾರ ದನಿ ಎಂದು ಗೊತ್ತಾಗಲಿ ಅಂತ ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ದೊಡ್ಡ ಹೆಸರು ಮಾಡಿದ ಆ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ತಟ್ಟೆ ಪೂರ್ತಿ ತಿರುಗಿದರೆ ಈಗಲೂ ಆ ಕೂಗು ಕೇಳಿಸುತ್ತದೆ.

ಹಾಗಾದರೆ ಮಾಡುವುದೇನು? ಏರ್ಪಾಡು ಎಂದೆನಲ್ಲ, ಅದಕ್ಕೊಂದು ಹಳೆಯ ಸೂತ್ರ ನಮ್ಮ ಜಿಲ್ಲೆಯಲ್ಲೇ ಇದೆ. ಕಲಬುರಗಿಯ ಖಾಜಾ ಬಂದೇ ನವಾಜರು ಚಿಶ್ತಿ ಪಂಥದವರು. ದಿಲ್ಲಿಯಿಂದ ದಖ್ಖನಿಗೆ ಬಂದು, ಬಹಮನಿ ಸುಲ್ತಾನರ ಕಾಲದಲ್ಲಿ ಕಲಬುರಗಿಯಲ್ಲಿ ನೆಲೆಸಿ, 1422ರಲ್ಲಿ ಅಲ್ಲೇ ಮಣ್ಣಾದವರು. ಚಿಶ್ತಿಗಳಿಗೆ ಸಂಗೀತ ಕೇಳುವುದು ಸಾಧನೆಯ ಭಾಗ. ಅದಕ್ಕೆ ಸಮಾ ಎನ್ನುತ್ತಾರೆ. ಸಮಾ ಕೂಡಿಸಲು ಏನೇನು ಬೇಕು ಎಂಬ ಬಗ್ಗೆ ಸೂಫಿಗಳು ಬಹಳ ಕಟ್ಟುನಿಟ್ಟಿನವರು. ಬಾಗ್ದಾದಿನ ಜುನೈದರ ಹೆಸರಿನಲ್ಲಿ ಬಂದು, ಇಮಾಂ ಗಜಾಲಿಯವರು ವಿವರಿಸಿ ಬರೆದ ಸೂತ್ರದಲ್ಲಿ ಮೂರು ಷರತ್ತುಗಳಿವೆ: ಸರಿಯಾದ ಹೊತ್ತು, ಸರಿಯಾದ ಜಾಗ, ಸರಿಯಾದ ಜೊತೆ. ಊಟದ ಹೊತ್ತಿನಲ್ಲಿ, ಮನಸ್ಸು ಬೇರೆ ಕಡೆ ಎಳೆಯುವಾಗ ಕೇಳಬೇಡಿ. ಜನ ಓಡಾಡುವ ದಾರಿಯಲ್ಲಿ, ನೋಟಕ್ಕೆ ಹಿತವಿಲ್ಲದ ಕಡೆ ಕೇಳಬೇಡಿ. ಕೇಳುವ ಆಸೆಯಿಲ್ಲದವರ ನಡುವೆ ಕೂತು ಕೇಳಬೇಡಿ. ಕೇಳುವಾಗ ತಲೆ ತಗ್ಗಿಸಿ, ಅತ್ತಿತ್ತ ನೋಡದೆ, ಒಳಗಿನದನ್ನು ಗಮನಿಸುತ್ತ ಕೂರಿ. ಒಂಬೈನೂರು ವರ್ಷ ಹಿಂದಿನ ಈ ನಿಯಮಗಳು ಬೀಳುವುದು ಹಾಡುವವರ ಮೇಲಲ್ಲ, ಕೇಳುವವರ ಮೇಲೆ. ವಾಡಿ ಪಕ್ಕದ ಹಳಕಟ್ಟಾ ದರ್ಗಾದ ಉರುಸಿಗೆ ಹೈದರಾಬಾದಿನಿಂದ ರೈಲ್ವೆಯವರು ವಿಶೇಷ ಗಾಡಿ ಬಿಡುತ್ತಾರೆ. ಮನೆಯಲ್ಲೇ ಎಲ್ಲವೂ ಸಿಗುವ ಈ ಕಾಲದಲ್ಲೂ ಜನ ಗಾಡಿ ಹತ್ತಿ ಅಲ್ಲಿಗೆ ಹೋಗುವುದು ಈ ಮೂರೂ ಒಂದೇ ಕಡೆ ಸಿಗುತ್ತವೆ ಎಂಬುದಕ್ಕೂ ಹೌದು ಅಂತ ನನ್ನ ನಂಬಿಕೆ.

ಈ ಮೂರರಲ್ಲಿ ಹೊತ್ತು ಮೊದಲು ಹೋಯಿತು. ರೇಡಿಯೊ ಇದ್ದಾಗ ಹೊತ್ತು ನಮ್ಮ ಕೈಲಿರಲಿಲ್ಲ, ಅದೇ ಅದರ ಉಪಕಾರ. ನಿಜಾಮರ ಕಾಲದಲ್ಲಿ, 1935ರಲ್ಲಿ, ಹೈದರಾಬಾದಿನ ಡೆಕ್ಕನ್ ರೇಡಿಯೊ ಶುರುವಾಯಿತು. 1950ರಲ್ಲಿ ಅದು ಆಕಾಶವಾಣಿಗೆ ಸೇರಿತು. ಹೈದರಾಬಾದ್ ಸಂಸ್ಥಾನದಲ್ಲೇ ಇದ್ದ ನಮ್ಮ ಹಿರಿಯರಿಗೆ ಮೊದಲು ಕೇಳಿಸಿದ್ದು ಆ ದನಿ. ಆಮೇಲೆ ಬುಧವಾರ ರಾತ್ರಿ ರೇಡಿಯೊ ಸಿಲೋನಿನ ಬಿನಾಕಾ ಗೀತಮಾಲಾ, 1957ರಿಂದ ವಿವಿಧ ಭಾರತಿ, 1966ರಲ್ಲಿ ನಮ್ಮದೇ ಕಲಬುರಗಿ ಕೇಂದ್ರ. ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ 1952ರಿಂದ ಬರುತ್ತಿತ್ತು. ಇವತ್ತು ಯಾರ ಗಾಯನ ಎಂದು ಆರಿಸುವ ಅಧಿಕಾರ ಕೇಳುಗನಿಗಿರಲಿಲ್ಲ. ಇದು ಬೇಡ ಅಂದರೆ ರೇಡಿಯೊ ಬಂದ್ ಮಾಡಬೇಕಿತ್ತು ಅಷ್ಟೆ. ಆದ್ದರಿಂದ ಮೊದಲ ಹತ್ತು ನಿಮಿಷ ಹಿಡಿಸದ ರಾಗವೂ ಕಿವಿಯ ಮೇಲೆ ಬೀಳುತ್ತಲೇ ಇತ್ತು, ಹದಿನೈದನೆಯ ನಿಮಿಷಕ್ಕೆ ಅದು ಹತ್ತಿರ ಬರುತ್ತಿತ್ತು. ರಾಗ ಹತ್ತಿರ ಬರಲು ಹೊತ್ತು ಹಿಡಿಯುತ್ತದೆ. ಅದು ರಾಗದ ದೋಷವಲ್ಲ.

ಕ್ಯಾಸೆಟ್ಟಿನಲ್ಲೂ ಈ ಗುಣ ಅರ್ಧ ಉಳಿದಿತ್ತು. ಬೇಡವಾದ ಹಾಡು ದಾಟಿಸಲು ಗುಂಡಿ ಒತ್ತಿ ಹಿಡಿದು, ಅಂದಾಜಿನ ಮೇಲೆ ಬಿಟ್ಟು, ಮತ್ತೆ ಹಿಂದಕ್ಕೆ ತಿರುಗಿಸಬೇಕು. ಅದಕ್ಕಿಂತ ಕೇಳಿಬಿಡುವುದೇ ವಾಸಿ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಮನೆಮನೆಗೆ ಹೋಯಿತು. ಆ ಕ್ಯಾಸೆಟ್ ಇದ್ದ ಮನೆಗಳಲ್ಲಿ ಬೆಳೆದವರಿಗೆ ಒಂದು ಹಾಡು ಮುಗಿಯುತ್ತಿದ್ದ ಹಾಗೆಯೇ ಮುಂದಿನ ಹಾಡಿನ ಮೊದಲ ಸ್ವರ ತಲೆಯೊಳಗೆ ತಾನೇ ಎದ್ದು ಕೂರುತ್ತದೆ. ಹಾಡುಗಳ ಅನುಕ್ರಮವೂ ಒಂದು ರಚನೆ ಎಂಬುದು ಇದರಿಂದ ತಿಳಿಯುತ್ತದೆ. 2021ರಲ್ಲಿ ಗಾಯಕಿ ಅಡೆಲ್ ತನ್ನ ಹೊಸ ಆಲ್ಬಮ್ ಬಂದಾಗ ಸ್ಪಾಟಿಫೈನವರಿಗೆ ಕೇಳಿಕೊಂಡಿದ್ದು ಇದನ್ನೇ: ನಾವು ಯೋಚಿಸಿ ಜೋಡಿಸಿದ ಕ್ರಮವನ್ನು ನೀವು ತಾನಾಗಿ ಕಲಸಬೇಡಿ. ಅವರು ಒಪ್ಪಿ, ಆಲ್ಬಮ್ ಹಚ್ಚಿದಾಗ ಹಾಡುಗಳು ಕ್ರಮವಾಗಿಯೇ ಬರುವಂತೆ ಗುಂಡಿ ಬದಲಿಸಿದರು. ಒಬ್ಬರು ಕೇಳಿದ್ದಕ್ಕೆ ಅಷ್ಟು ದೊಡ್ಡ ಕಂಪನಿಯ ಏರ್ಪಾಡು ಬದಲಾಯಿತು ಅಂದಮೇಲೆ, ಇದು ಕಾಲದ ಮಹಿಮೆ, ಯಾರ ಕೈಯಲ್ಲೂ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಜಾಗದ ಮಾತಿಗೆ ಬಂದರೆ ಕುರಕುಂಟಾ, ಸೇಡಂ, ಚಿತ್ತಾಪುರ, ಶಹಾಬಾದಿನ ಮಂದಿಗೆ ಒಂದು ವಿಶೇಷ ತೊಡಕಿದೆ. ನಮ್ಮದು ಕಲ್ಲಿನ ನಾಡು. ನೆಲಕ್ಕೆ ಪರ್ಸಿ ಎಂಬ ಸುಣ್ಣಕಲ್ಲಿನ ಚಪ್ಪಡಿ, ಗೋಡೆಗೆ ಕಲ್ಲು, ಎಷ್ಟೋ ಮನೆಗಳಲ್ಲಿ ಮೇಲ್ಚಾವಣಿಗೂ ಪರ್ಸಿಯೇ. ಬೇಸಿಗೆಗೆ ಇದು ಬೇಕು, ಸಂಗೀತಕ್ಕೆ ಮಾತ್ರ ಕಷ್ಟ. ನುಣುಪಾದ ಸುಣ್ಣಕಲ್ಲು ದನಿಯನ್ನು ಹೀರಿಕೊಳ್ಳುವುದಿಲ್ಲ, ಬಂದದ್ದನ್ನು ಬಂದ ಹಾಗೆ ಹಿಂದಕ್ಕೆ ಕಳಿಸುತ್ತದೆ. ಹಾಡಿನ ಒಂದು ಅಕ್ಷರ ಮುಗಿಯುವ ಮೊದಲೇ ಹಿಂದಿನ ಅಕ್ಷರದ ಮರುದನಿ ಬಂದು ಅದರ ಮೇಲೆ ಕೂರುತ್ತದೆ. ಮಾತು ಮಸುಕಾಗುತ್ತದೆ, ತಾಳದ ಮೊನೆ ಮೊಂಡಾಗುತ್ತದೆ, ಕಿವಿ ಬೇಗ ದಣಿಯುತ್ತದೆ. ಮನಸ್ಸು ನಿಲ್ಲುತ್ತಿಲ್ಲ ಎಂದು ನಾವು ಅಂದುಕೊಳ್ಳುವುದರಲ್ಲಿ ಒಂದಿಷ್ಟು ಪಾಲು ಕಿವಿಯ ಈ ದಣಿವಿನದು.

ಇದಕ್ಕೆ ಮದ್ದು ಪ್ರತಿ ಮನೆಯ ಗೂಟದ ಮೇಲೆ ಇದೆ: ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿಯ ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಗಾಳಿಯ ಗೂಡುಗಳಿರುತ್ತವೆ. ದನಿ ಅವುಗಳೊಳಗೆ ಹೊಕ್ಕು, ನೂಲಿಗೆ ತಿಕ್ಕಿ, ಬಲ ಕಳೆದುಕೊಳ್ಳುತ್ತದೆ. ಮುಖ್ಯವಾಗಿ ಏರು ಸ್ವರಗಳ ಚೂಪು ಇಳಿಯುತ್ತದೆ. ಕೋಣೆಯ ನೆಲಕ್ಕೆ ಒಂದು ಕೌದಿ ಹಾಸಿ, ಸ್ಪೀಕರಿನ ಎದುರು ಗೋಡೆಗೆ ಇನ್ನೊಂದನ್ನು ಇಳಿಬಿಟ್ಟು, ಹಾಕುವ ಮೊದಲು ಮತ್ತು ಹಾಕಿದ ಮೇಲೆ ಒಂದು ಚಪ್ಪಾಳೆ ತಟ್ಟಿ ನೋಡಿ. ವ್ಯತ್ಯಾಸ ಆ ಕ್ಷಣಕ್ಕೇ ತಿಳಿಯುತ್ತದೆ. ನಗರದವರು ದುಡ್ಡು ಕೊಟ್ಟು ಕೋಣೆಗೆ ಅಂಟಿಸುವ ಫೋಮಿನ ಹಲಗೆ ಮಾಡುವುದೂ ಈ ಕೆಲಸವನ್ನೇ.

ಇನ್ನು ಸ್ಪೀಕರ್. ಗಂಡು ದನಿಯ ಗಾಯಕರ ಷಡ್ಜ ಸಾಮಾನ್ಯವಾಗಿ 140 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಅಂದರೆ 70 ಹರ್ಟ್ಸ್. ಅಂಗೈಯಷ್ಟೂ ಇಲ್ಲದ ಫೋನಿನ ಸ್ಪೀಕರಿಗೆ ಅಷ್ಟು ತಗ್ಗಿನ ದನಿ ಹೊರಡಿಸುವ ಶಕ್ತಿಯಿಲ್ಲ. ಹಾಗಾದರೆ ಫೋನಿನಲ್ಲೂ ತಂಬೂರಿ ಕೇಳಿಸುತ್ತದಲ್ಲ? ಅದು ಮಿದುಳಿನ ಕೆಲಸ. ಖರ್ಜದ ಮೇಲಿನ ಉಪಸ್ವರಗಳಷ್ಟೇ ಕಿವಿಗೆ ಬರುತ್ತವೆ, ಅವುಗಳ ನಡುವಿನ ಅಂತರ ಹಿಡಿದು ಮಿದುಳು ಇಲ್ಲದ ತಳಸ್ವರವನ್ನು ಊಹಿಸಿ ತುಂಬಿಕೊಳ್ಳುತ್ತದೆ. ಅದ್ಭುತವಾದ ಶಕ್ತಿಯೇ. ಆದರೆ ಊಹಿಸಿ ಕೇಳುವುದಕ್ಕೂ ಎದೆಗೆ ತಾಗುವಂತೆ ಕೇಳುವುದಕ್ಕೂ ಬಹಳ ಅಂತರ. ದುಬಾರಿ ಸಾಮಾನು ಬೇಕಾಗಿಲ್ಲ. ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಟೇಪ್ ರೆಕಾರ್ಡರಿನ ಮರದ ಡಬ್ಬದ ಸ್ಪೀಕರಿಗೆ ಫೋನಿನ ವೈರು ಜೋಡಿಸಿಕೊಡುವ ರಿಪೇರಿಯವರು ಸೇಡಂನಂಥ ಪೇಟೆಯಲ್ಲಿ ಸಿಗುತ್ತಾರೆ.

ಇಯರ್‌ಫೋನ್ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಲ್ಲು ಕೊರೆಯುವ, ಪಾಲಿಶ್ ಮಾಡುವ ಯಂತ್ರಗಳ ನಡುವೆ, ಸಿಮೆಂಟ್ ಲಾರಿಗಳ ರಸ್ತೆಯಲ್ಲಿ, ರೈಲಿನಲ್ಲಿ, ಹೊರಗಿನ ಸದ್ದನ್ನು ಮೀರಿಸಲು ನಮ್ಮ ಹುಡುಗರು ದನಿ ಏರಿಸಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ವಾರಕ್ಕೆ 4 ಗಂಟೆ ಮಾತ್ರ. ಗದ್ದಲದ ನಡುವೆ ಕೇಳುವವನ ಪಾಲು ದಿನವೊಂದರಲ್ಲೇ ಮುಗಿದುಹೋಗಬಹುದು. ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಜೊತೆಯ ವಿಷಯ ಇದೆಲ್ಲಕ್ಕಿಂತ ದೊಡ್ಡದು. ಸೇಡಂ ತಾಲೂಕಿನದೇ ಮಳಖೇಡ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ನುರಿತವರು ಎಂದು ಹೆಮ್ಮೆಪಡುತ್ತದೆ. ಓದದವರಿಗೆ ಆ ಪರಿಣತಿ ಎಲ್ಲಿಂದ ಬಂತು? ಕೂಡಿ ಕೇಳಿದ್ದರಿಂದ, ಕೇಳಿದ್ದರ ಬಗ್ಗೆ ಕೂಡಿ ಮಾತಾಡಿದ್ದರಿಂದ. ಬೇರೆ ದಾರಿ ನನಗೆ ಕಾಣುವುದಿಲ್ಲ. ಭಜನಿಯಲ್ಲಿ ಪದದ ಅರ್ಥ ಬಿಡಿಸುವ ಆ ಸವಾಲು ಜವಾಬು ಇವತ್ತಿಗೂ ಅದೇ ಪಾಠ. ಪಕ್ಕದವನು ತಲೆದೂಗಿದಾಗ, ನನಗೆ ಕೇಳದೆ ಹೋದದ್ದು ಅವನಿಗೆ ಏನು ಕೇಳಿಸಿತು ಎಂದು ಕಿವಿ ಚುರುಕಾಗುತ್ತದೆ. ಟೋಕಿಯೊ ನಗರದ ಶಿಬುಯಾದಲ್ಲಿ ಲಯನ್ ಎಂಬ ಕಾಫಿ ಹೋಟೆಲ್ ಇದೆ, 1926ರದು. ಯುದ್ಧದಲ್ಲಿ ಸುಟ್ಟು, 1950ರಲ್ಲಿ ಮತ್ತೆ ಎದ್ದಿದ್ದು. ಮನೆಯಲ್ಲಿ ಗ್ರಾಮಫೋನ್ ಕೊಳ್ಳಲಾಗದವರು ಕಾಫಿಯ ದುಡ್ಡು ಕೊಟ್ಟು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲು ಹುಟ್ಟಿಕೊಂಡ ಹೋಟೆಲುಗಳಲ್ಲಿ ಅದೊಂದು. ಕುರ್ಚಿಗಳೆಲ್ಲ ಸ್ಪೀಕರಿನ ಕಡೆ ಮುಖ ಮಾಡಿವೆ, ಮಾತಾಡುವಂತಿಲ್ಲ. ಈಗ ಎಲ್ಲರ ಜೇಬಿನಲ್ಲೂ ಸಂಗೀತ ಇದ್ದರೂ ಜನ ಅಲ್ಲಿಗೆ ಹೋಗಿ ಕೂರುತ್ತಾರೆ.

ಒಬ್ಬರೇ ಕೂತು ಕೇಳುವುದನ್ನು ನಾನು ಕಡೆಗಣಿಸುತ್ತಿಲ್ಲ. ನಮ್ಮ ಸಂಗೀತದ ಒಂದು ದೊಡ್ಡ ಬದುಕು ಶುರುವಾದದ್ದೇ ಹುಡುಗನೊಬ್ಬ ಅಂಗಡಿಯ ಮುಂದೆ ನಿಂತು ಒಂದು ತಟ್ಟೆ ಕೇಳಿದ್ದರಿಂದ. ಗದುಗಿನ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ರಾಗದ ಠುಮ್ರಿಯ ಗ್ರಾಮಫೋನ್ ತಟ್ಟೆ ಕೇಳಿದರು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟರು. ಉತ್ತರ ಭಾರತವೆಲ್ಲ ಅಲೆದು ಕೊನೆಗೆ ಬಂದು ಸೇರಿದ್ದು ಕುಂದಗೋಳದಲ್ಲಿ, ಅದೇ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಬಳಿ. ಆ ಕಾಲದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಆ ಮೂರು ನಿಮಿಷ ಈಗ ಕುರಕುಂಟಾದ ಯಾವ ಹುಡುಗನಿಗೂ ಪುಕ್ಕಟೆ ಸಿಗುತ್ತದೆ.

ಇದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತೇನೆ. 2016ರಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾಗುವ ಮೊದಲು, ಇಂಥ ಧ್ವನಿಮುದ್ರಣ ಬೇಕೆಂದರೆ ಕಲಬುರಗಿಗೋ ಹೈದರಾಬಾದಿಗೋ ಹೋಗಿ ಅಂಗಡಿ ಅಲೆಯಬೇಕಿತ್ತು, ಅಲ್ಲೂ ಸಿಗುತ್ತದೆಂಬ ಖಾತ್ರಿಯಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಅಪರೂಪದ ರಾಗಗಳು, ಗಂಗೂಬಾಯಿ ಹಾನಗಲ್ಲರು ಗಂಡು ದನಿಗೆ ಸಮನಾದ ಶ್ರುತಿಯಲ್ಲಿ ಹಾಡಿದ ಖಯಾಲುಗಳು, ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ, ಎಲ್ಲ ಈಗ ಒಂದೇ ಕಡೆ. ಭಂಡಾರ ಬಂದಿದೆ, ಕೂತು ಉಣ್ಣುವ ಪಂಕ್ತಿ ಹೋಗಿದೆ. ಪಂಕ್ತಿಯನ್ನು ನಾವೇ ಹಾಕಿಕೊಳ್ಳಬೇಕು.

ಹೇಗೆ ಕೇಳಬೇಕು ಎಂದು ಕೇಳುವವರಿಗೆ ನಾನು ಮನ್ಸೂರರಿಂದ ಶುರು ಮಾಡಿ ಎನ್ನುತ್ತೇನೆ. ಮೊದಲು ಗ್ವಾಲಿಯರ್ ಪದ್ಧತಿಯ ನೀಲಕಂಠಬುವಾ ಆಲೂರಮಠರ ಬಳಿ, ಆಮೇಲೆ ಜೈಪುರ ಘರಾಣೆಯ ಮಂಜಿ ಖಾನ್ ಮತ್ತು ಭೂರ್ಜಿ ಖಾನರ ಬಳಿ ಕಲಿತವರು ಅವರು. ಆ ಘರಾಣೆಯಲ್ಲಿ ತಾಳವಿಲ್ಲದ ಉದ್ದನೆಯ ಆಲಾಪ ಕಡಿಮೆ. ಗಾಯಕರು ಬೇಗನೆ ಬಂದಿಶ್, ಅಂದರೆ ತಾಳಕ್ಕೆ ಕಟ್ಟಿದ ಪದ, ಹಿಡಿಯುತ್ತಾರೆ, ತಬಲಾ ಮೊದಲ ನಿಮಿಷದಲ್ಲೇ ಸೇರಿಕೊಳ್ಳುತ್ತದೆ. ಹೊಸ ಕೇಳುಗನಿಗೆ ಇದರಿಂದ ದೊಡ್ಡ ಅನುಕೂಲವಿದೆ, ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತದೆ. ತೀನತಾಳದ ಖಯಾಲು ಹಚ್ಚಿ ತೊಡೆಯ ಮೇಲೆ ಬೆರಳಿನಿಂದ ಹದಿನಾರು ಮಾತ್ರೆ ಎಣಿಸಿ. ಒಂಬತ್ತನೆಯ ಮಾತ್ರೆ ಖಾಲಿ, ಅದರ ಬೆನ್ನಿಗೇ ತಬಲಾದ ಎಡದ ದನಿ ತೆಳ್ಳಗಾಗುತ್ತದೆ. ಹದಿನಾರು ಮುಗಿದು ಮತ್ತೆ ಮೊದಲನೆಯ ಮಾತ್ರೆಗೆ ಬಂದಾಗ ಬಂದಿಶಿನ ಒಂದು ನಿರ್ದಿಷ್ಟ ಅಕ್ಷರ ಅದರ ಮೇಲೆ ಬಂದು ಕೂರುತ್ತದೆ, ಅದು ಸಮ. ಮನ್ಸೂರರು ಸಮಕ್ಕೆ ಬರುವ ರೀತಿಯನ್ನು ಗಮನಿಸಿ. ಹನ್ನೆರಡನೆಯ ಮಾತ್ರೆಯಲ್ಲಿ ಇನ್ನೂ ಎತ್ತಲೋ ಹೋಗುತ್ತಿರುವ ತಾನ, ಇನ್ನು ಮುಟ್ಟುವುದಿಲ್ಲ ಎಂದು ನೀವು ಅಂದುಕೊಳ್ಳುವಷ್ಟರಲ್ಲಿ ಒಂದು ತಿರುವು ತೆಗೆದುಕೊಂಡು ಸರಿಯಾಗಿ ಆ ಅಕ್ಷರದ ಮೇಲೆ ಇಳಿಯುತ್ತದೆ. ಮೂರು ನಾಲ್ಕು ಆವರ್ತನ ಹೀಗೆ ಹಿಡಿದವರಿಗೆ ಫೋನಿನ ನೆನಪು ಬರುವುದಿಲ್ಲ, ಮುಂದಿನ ಸಮ ಹೇಗೆ ಬರುತ್ತದೆ ಎಂಬ ಕುತೂಹಲವೇ ಕಟ್ಟಿ ಕೂರಿಸುತ್ತದೆ. ಎರಡನೆಯ ಸಲ ಅದನ್ನೇ ಹಚ್ಚಿ, ಎಣಿಕೆ ಬಿಟ್ಟು ಉಸಿರು ಎಲ್ಲೆಲ್ಲಿ ತೆಗೆದುಕೊಂಡರು ಎಂದಷ್ಟೇ ಕೇಳಿ. ಬೇರೆಯೇ ಹಾಡು ಕೇಳಿದಂತೆ ಇರುತ್ತದೆ. ಹೊಸ ಹಾಡಿಗಿಂತ ಅದೇ ಹಾಡು ಎರಡನೆಯ ಸಲ ಹೆಚ್ಚು ಕೊಡುತ್ತದೆ. ಆ್ಯಪು ಎಂದೂ ತಾನಾಗಿ ಮಾಡದ ಕೆಲಸ ಇದು.

ಫೋನಿನ ಕಡೆಯಿಂದ ಮಾಡಬೇಕಾದ್ದು ಸ್ವಲ್ಪವೇ. ಕೇಳಬೇಕಾದ್ದನ್ನು ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡ್‌ಗೆ ಹಾಕುವುದು, ಆಟೋಪ್ಲೇ ಬಂದ್ ಮಾಡುವುದು, ಸ್ಪೀಕರಿಗೆ ಜೋಡಿಸಿ ಪರದೆಯನ್ನು ಕೆಳಮುಖ ಮಾಡಿ ಕೈಗೆಟುಕದ ಮಾಡದಲ್ಲಿ ಇಡುವುದು. ಆಟೋಪ್ಲೇ ಬಂದ್ ಮಾಡಿದರೆ ಹಾಡು ಮುಗಿದ ಮೇಲೆ ಕೋಣೆ ಸುಮ್ಮನಾಗುತ್ತದೆ. ಕೇಳಿದ್ದು ಮನಸ್ಸಿನಲ್ಲಿ ಕೂರುವುದು ಆ ಸುಮ್ಮನಿರುವಿಕೆಯಲ್ಲಿ. ತಾನಾಗಿ ಬರುವ ಮುಂದಿನ ಹಾಡು ಅದನ್ನು ಒರೆಸಿಬಿಡುತ್ತದೆ.

ಊರಿನ ಕಡೆಯಿಂದ ಮಾಡಬಹುದಾದ್ದು ಇನ್ನೂ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಸರ್ಕಾರ ಈಗ ಅರಿವು ಕೇಂದ್ರ ಎಂದು ಹೆಸರಿಟ್ಟಿದೆ. ಪುಸ್ತಕವಿದೆ, ಮಕ್ಕಳು ಬರುತ್ತಾರೆ, ಸಂಜೆಗೆ ಕೋಣೆ ಖಾಲಿಯಿರುತ್ತದೆ. ವಾರಕ್ಕೊಂದು ಸಂಜೆ ಅಲ್ಲಿ ಕೌದಿ ಹಾಸಿ, ಒಂದೇ ಒಂದು ಧ್ವನಿಮುದ್ರಣ ಪೂರ್ತಿ ಕೇಳಿಸಿ, ಆಮೇಲೆ ಮಾತಿಗೆ ಬಿಡಬಹುದು. ಭಜನಿ ಮೇಳದ ಹಿರಿಯರೊಬ್ಬರನ್ನು ಕರೆಸಿ ಕೂರಿಸಬೇಕು. ಹೆಸರಿಲ್ಲದೆ ಯೂಟ್ಯೂಬಿನಲ್ಲಿ ಬಿದ್ದಿರುವ ಪದಗಳನ್ನು ಅಂಕಿತದ ತನಕ ಕೇಳಿ, ಇದು ಇಂಥವರದು ಎಂದು ಅವರು ಗುರುತಿಸಿದ್ದನ್ನು ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಆಮೇಲೆ ಆ ವಿಡಿಯೊ ಹಾಕಿದ ಮೇಳಕ್ಕೆ ಒಂದು ಫೋನು ಮಾಡಿ, ಪದಕಾರರ ಹೆಸರು ತಲೆಬರಹದಲ್ಲಿ ಸೇರಿಸ್ರಿ ಎಂದರೆ ಬೇಡ ಅನ್ನುವವರು ನಮ್ಮ ಕಡೆ ಯಾರೂ ಇಲ್ಲ. ಶ್ರಾವಣದಲ್ಲಿ ಹೇಗೂ ಊರೂರಲ್ಲಿ ಭಜನಿ ಇರುತ್ತದೆ, ಹಿರಿಯರಿಗೆ ಬಿಡುವಿರುವುದಿಲ್ಲ. ಅದಕ್ಕಿಂತ ಮೊದಲು, ಶಾಲೆ ಶುರುವಾಗುವ ಜೂನ್ ತಿಂಗಳಲ್ಲೇ ಕೂಡಿಸಿದರೆ ಒಳ್ಳೆಯದು.